ಹಳೆಯ ಕೋವಿಯ ಮೈಮೇಲಿನ ಬರಹ

ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಉರುಹೊಡೆಸುತ್ತ ಆಯುಷ್ಯವನ್ನು ಕಳೆದ ಮೇಷ್ಟರಿಗೂ ಕೋವಿಗೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ಸಂಬಂಧವುಂಟು. ನಾವು ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಕಾಲದಲ್ಲಿ ಅಲ್ಲಿನ ಎನ್.ಸಿ.ಸಿ. ದಳದ ಹೊಣೆಯೂ ನಮ್ಮ ತಲೆಗೇ ಬಿದ್ದಿದ್ದಿತು. ಬೇರೆ ಯಾವ ಉಪಾಧ್ಯಾಯರೂ ಒಪ್ಪಲಿಲ್ಲವೆಂಬುದೇ ಅದಕ್ಕೆ ಕಾರಣ. ೧೯೪೮ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಹುಡುಗರಿಗೆ ಗುರಿಯಿಡುವುದನ್ನು ಕಲಿಸುವುದು ‘ಪಾಯಿಂಟ್ ಟೂ ಟೂ’ ಎಂದು ಕರೆಯಿಸಿಕೊಳ್ಳುವ ಸಣ್ಣ ರೈಫಲಿನಿಂದ. ಹೀಗಾಗಿ ಅಮರಕೋಶವನ್ನು ಹಿಡಿದ ಕೈ ಅದನ್ನೂ ಹಿಡಿಯಬೇಕಾಯಿತು. ಹಿಡಿದ ಮೇಲೆ ಅದರ ವಿಷಯವನ್ನು ತಿಳಿಯದೆ ಬಿಡುವುದು ನಮ್ಮ ಸ್ವಭಾವವಲ್ಲ. ನಿವೃತ್ತರಾದ ಬಳಿಕ ನಾವು ಕೊಡಗಿನಲ್ಲಿಯೇ ನೆಲಸಿರುವೆವು.

ಕಳೆದ ಆಷಾಢದಲ್ಲಿ, ಮಳೆಯು ಒಂದೇ ಸಮನೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಹಳೆಯ ಶಿಷ್ಯನೊಬ್ಬನು ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಹೊತ್ತು ನಮ್ಮ ಜಗಲಿಯನ್ನೇರಿದನು. ಕಾಫಿ ತೋಟದ ಹುಡುಗ. ಹುಡುಗನೆಂದರೂ ಈಗ ನಲವತ್ತು ದಾಟಿರುವುದು.

“ಮೇಷ್ಟರೇ, ಜರ್ಮನಿಯ ಮೌಸರ್ ಅಂತೆ. ಒಬ್ಬರ ತೋಟದ ಮನೆಯಲ್ಲಿ ಮೂವತ್ತು ವರ್ಷದಿಂದ ಮೂಲೆಯಲ್ಲಿತ್ತು. ಕೊಂಡುಬಿಟ್ಟೆ. ಕೈಲ್ ಪೊಳ್ದಿಗೆ ಮೊದಲು ಚೆನ್ನಾಗಿ ಉಜ್ಜಿ, ಕಪ್ಪು ಹಾಕಿಸಿ, ಹೊಸದು ಮಾಡಬೇಕು ಅಂತ ಇದ್ದೇನೆ. ತಾವು ಒಮ್ಮೆ ನೋಡಿ ಹೇಳಬೇಕು.”

ಅವನ ಕೈಚೀಲದ ಬಾಯಿಂದ ಎಮರಿ ಕಾಗದದ ಸುರುಳಿಯೊಂದು ಇಣುಕುತ್ತಿದ್ದಿತು. ನಾವು ಮೊದಲು ಮಾಡಿದ ಕೆಲಸವೆಂದರೆ ಆ ಸುರುಳಿಯನ್ನು ಎತ್ತಿ ನಮ್ಮ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟುದು. ಏಕೆಂಬುದನ್ನು ಮುಂದೆ ಹೇಳುವೆವು.

ಕೊಡಗಿನ ಹೊರಗಿರುವ ವಾಚಕರಿಗಾಗಿ ಎರಡು ಮಾತು. ಇಲ್ಲಿ ಕೋವಿಯೆಂಬುದು ಮನೆಯ ದೀಪದಂತೆ, ಒನಕೆಯಂತೆ, ಮನೆತನದ ವಸ್ತು. ನಾಟಿಯ ಕೆಲಸವು ಮುಗಿದು ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳನ್ನೆಲ್ಲ ಒಂದೆಡೆ ಇರಿಸಿ, ಕೋವಿಯ ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜಿಸುವರು. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಸಂಸ್ಕೃತದಲ್ಲಿ ಅಗ್ನಿಶಿಖೆ ಎಂದು ಕರೆಯುವ, ಬೆಂಕಿಯ ನಾಲಗೆಯಂತಿರುವ ಆ ಹೂವೇ ಇದು. ೧೮೬೧ರಲ್ಲಿ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಕೊಡವರಿಗೆ ದೊರೆತ ಆಯುಧ ಲೈಸೆನ್ಸಿನ ವಿನಾಯಿತಿಯು ಇಂದಿಗೂ ನಡೆದುಬಂದಿರುವುದು. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿದೆ. ವಿನಾಯಿತಿಯಿಲ್ಲದವರಿಗೆ ಲೈಸೆನ್ಸು ಬೇಕೇ ಬೇಕು. ಇದಲ್ಲದೆ ಖಾಸಗಿಯವರು ಕೋವಿಯನ್ನು ಮಾರಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಹತ್ತಿರದ ಠಾಣೆಗಾಗಲಿ ಲಿಖಿತವಾಗಿ ತಿಳಿಸಿ ೪೫ ದಿನಗಳು ಕಳೆಯಬೇಕೆಂದು ೧೯೫೯ರ ಆಯುಧಗಳ ಕಾಯಿದೆಯು ವಿಧಿಸುವುದು. ನಮ್ಮ ಶಿಷ್ಯನು ಇದನ್ನೆಲ್ಲ ಕ್ರಮವಾಗಿ ಮುಗಿಸಿಯೇ ಕೋವಿಯನ್ನು ಮನೆಗೆ ತಂದಿದ್ದನು. ಆದರೆ ಕಾಗದಪತ್ರಗಳಲ್ಲಿ ‘೦.೨೨ ರೈಫಲ್’ ಎಂದೂ ಒಂದು ಸಂಖ್ಯೆಯೂ ಹೊರತು ಬೇರೇನೂ ಬರೆದಿರಲಿಲ್ಲ.

ಕಂಬಳಿ ಬಿಚ್ಚಿದೊಡನೆಯೇ ಬೋಲ್ಟನ್ನು ಹಿಂದಕ್ಕೆಳೆದು, ತೋಟಾ ಕೂರುವ ಗೂಡನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಪರೀಕ್ಷಿಸಿ, ಖಾಲಿಯೆಂದು ದೃಢಪಡಿಸಿಕೊಂಡೆವು. “ಖಾಲಿ ಇದೆ ಮೇಷ್ಟರೇ” ಎಂದು ಅವನು ಹೇಳಿದನು. ಹೇಳಿದುದನ್ನು ಕೇಳಿ ನಂಬತಕ್ಕ ವಿಷಯವಲ್ಲವಿದು. ಇಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣ.

ಬೋಲ್ಟ್ ಎಂದರೆ ಬೇರೇನೂ ಅಲ್ಲ, ನಮ್ಮ ಬಾಗಿಲಿನ ಅಗುಳಿಯೇ. ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಸೆಳೆದರೆ ಬಾಗಿಲು ತೆರೆಯುವುದು. ಮುಂದಕ್ಕೆ ತಳ್ಳಿ ಕೆಳಕ್ಕೆ ಮಡಿಸಿದರೆ ಮುಚ್ಚಿ ಭದ್ರವಾಗುವುದು. ಇನ್ನು ಇದರ ತೋಟಾ. ದೊಡ್ಡ ರೈಫಲಿನ ತೋಟಾದ ಬುಡದ ನಡುವೆ ಕಿಡಿಮದ್ದಿನ ಸಣ್ಣ ಬಿಲ್ಲೆ ಇರುವುದು; ಇದರಲ್ಲಿಯಾದರೋ ಆ ಮದ್ದನ್ನು ಹಿತ್ತಾಳೆಯ ಬುಡದ ಮಡಿಸಿದ ಅಂಚಿನೊಳಗೇ ತುಂಬಿರುವರು. ಸೂಜಿಯು ಆ ಅಂಚನ್ನು ಗುದ್ದಿದಾಗ ಬೆಂಕಿ ಹೊತ್ತುವುದು. ಪ್ಯಾರಿಸಿನ ಫ್ಲೋಬೇರ್ ಎಂಬವನು ೧೮೪೫ರಲ್ಲಿ ಇದರ ಮೂಲರೂಪವನ್ನು ಕಂಡುಹಿಡಿದನು. ಅಮೆರಿಕದ ಸ್ಮಿತ್ ಮತ್ತು ವೆಸ್ಸನ್ನರು ೧೮೫೭ರಲ್ಲಿ ‘ಶಾರ್ಟ್’ ಎಂಬ ತೋಟಾವನ್ನು ಹೊರತಂದರು. ಅನಂತರ ‘ಲಾಂಗ್’ ಬಂದಿತು. ಸ್ಟೀವನ್ಸ್ ಕಂಪನಿಯವರು ೧೮೮೭ರಲ್ಲಿ ‘ಲಾಂಗ್ ರೈಫಲ್’ ಎಂಬುದನ್ನು ತಂದರು. ಹ್ರಸ್ವ, ದೀರ್ಘ, ಪ್ಲುತ ಎಂದು ನಾವು ಎನ್.ಸಿ.ಸಿ. ಹುಡುಗರಿಗೆ ಹೇಳಿಕೊಡುತ್ತಿದ್ದೆವು; ವ್ಯಾಕರಣದ ತರಗತಿಯಲ್ಲಿ ನಿದ್ರಿಸುತ್ತಿದ್ದವರಿಗೂ ಅದು ನೆನಪಿನಲ್ಲಿ ಉಳಿಯಿತು. ಇಂದು ಎಲ್ಲೆಡೆಯೂ ಬಳಕೆಯಲ್ಲಿರುವುದು ಈ ಪ್ಲುತವೇ. ಇದರ ಸಾಮಾನ್ಯ ಗುಂಡಿನ ತೂಕ ೪೦ ಗ್ರೇನು, ಎಂದರೆ ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಸುಮಾರು ೨೧ ಗುಲಗಂಜಿ. ಇಷ್ಟು ಸಣ್ಣದೆಂದು ತಾತ್ಸಾರ ಮಾಡಲಾಗದು. ಮೇಲ್ಮುಖವಾಗಿ ಹಾರಿದರೆ ಈ ಗುಲಗಂಜಿಗಳು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲುವು.

ಹಳೆಯ ಕೋವಿಯನ್ನು ಕೊಂಡವರು ಮೊದಲು ತಿಳಿಯಬೇಕಾದುದು ಅದು ಈ ಮೂರರಲ್ಲಿ ಯಾವುದಕ್ಕಾಗಿ ಮಾಡಿದ್ದೆಂಬುದನ್ನು. ಹ್ರಸ್ವಕ್ಕಾಗಿ ಮಾಡಿದ ಗೂಡಿನಲ್ಲಿ ಪ್ಲುತವು ಹಿಡಿಸಲಾರದು. ಪ್ಲುತದ ಗೂಡಿನಲ್ಲಿ ಹ್ರಸ್ವವನ್ನು ಹಾರಿಸಬಹುದಾದರೂ, ವರ್ಷಗಟ್ಟಲೆ ಹಾಗೆಯೇ ಮಾಡುತ್ತಿದ್ದರೆ ಗೂಡಿನ ನಡುವೆ ಉಂಗುರದಂತೆ ಸವೆತವುಂಟಾಗಿ, ಅನಂತರ ಹಾಕಿದ ಉದ್ದದ ತೋಟಾಗಳು ಅಲ್ಲಿಯೇ ಕಚ್ಚಿಕೊಳ್ಳುವುವು. ಸಾಧಾರಣವಾಗಿ ನಳಿಗೆಯ ಮೇಲೆ ಇದನ್ನು ಕೊರೆದಿರುವರು. ಆದರೆ ನಮ್ಮ ಮುಂದಿದ್ದ ಕೋವಿಯ ಮೇಲೆ ಕೈಬೆವರು, ಎಣ್ಣೆ, ಹೊಗೆ, ಎಲ್ಲವೂ ಸೇರಿ ಕಟ್ಟಿದ ಕಿಟ್ಟದಿಂದಾಗಿ ನಳಿಗೆಯ ನೆತ್ತಿಯಲ್ಲಿದ್ದ ಒಂದು ಸಾಲು ಹೊರತು ಬೇರೇನೂ ಕಾಣುತ್ತಿರಲಿಲ್ಲ. ಆ ಸಾಲಿನಲ್ಲಿ ಕಲ್ಕತ್ತೆಯ ಒಬ್ಬ ವ್ಯಾಪಾರಿಯ ಹೆಸರಿದ್ದಿತು.

ಇಲ್ಲಿಯೇ ಬಹುಮಂದಿ ಎಡವುವುದು. ನಳಿಗೆಯ ಮೇಲಿನ ಹೆಸರು ಮಾಡಿದವನದಲ್ಲದೆ ಮಾರಿದವನದೂ ಆಗಿರಬಹುದು. ಕಲ್ಕತ್ತೆಯ ಮ್ಯಾಂಟನ್, ರೋಡಾ ಮೊದಲಾದ ದೊಡ್ಡ ಅಂಗಡಿಗಳವರು ಹೊರದೇಶದಿಂದ ಕೋವಿಗಳನ್ನು ತರಿಸಿ ತಮ್ಮ ಹೆಸರನ್ನು ಒತ್ತಿಸುತ್ತಿದ್ದರು. (೧೯೧೪ರ ಆಗಸ್ಟ್ ೨೬ರಂದು ಬಂಗಾಳದ ಕ್ರಾಂತಿಕಾರಿಗಳು ೫೦ ಮೌಸರ್ ಪಿಸ್ತೂಲುಗಳನ್ನು ಅಪಹರಿಸಿದ್ದು ಈ ರೋಡಾ ಅಂಗಡಿಯವರ ಸರಕಿನಿಂದಲೇ.) ಪಾತ್ರೆಯ ಮೇಲೆ ಉಡುಗೊರೆ ಕೊಟ್ಟವರ ಹೆಸರಿದ್ದ ಮಾತ್ರಕ್ಕೆ ಅವರೇ ಕಂಚುಗಾರರಾಗರಷ್ಟೆ!

ಸೀಮೆ‌ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕೊಟ್ಟು, ಉಜ್ಜದೆ ಒರಸುವಂತೆ ಶಿಷ್ಯನಿಗೆ ಹೇಳಿದೆವು. ಅರ್ಧ ಘಂಟೆಯ ಬಳಿಕ ಕಿಟ್ಟವು ಕರಗಿ, ಬೋಲ್ಟಿನ ಮನೆಯ ಪಕ್ಕದಲ್ಲಿ ಒಂದು ಚಿತ್ರವು ಮೂಡಿತು: ಒಂದಕ್ಕೊಂದು ಆತುಕೊಂಡು ನಿಂತ ಮೂರು ಬಂದೂಕುಗಳು. ಅದರ ಬಳಿಯಲ್ಲಿ ‘ಬಿ.ಎಸ್.ಎ.’ ಎಂಬ ಮೂರಕ್ಷರಗಳು. ಸ್ವಲ್ಪ ಆಚೆಗೆ ‘ಸ್ಪೋರ್ಟ್ಸ್‌ಮನ್ ಫೈವ್’.

“ಬಿ.ಎಸ್.ಎ. ಅಂದರೆ ಸೈಕಲ್ಲಲ್ಲವೇ ಮೇಷ್ಟರೇ?” ಎಂದು ಅವನು ನಿರಾಶೆಯಿಂದ ಕೇಳಿದನು.

ಸೈಕಲ್ಲೇ ಹೌದು, ಮೋಟಾರು ಸೈಕಲ್ಲೂ ಹೌದು, ಆದರೆ ಎಲ್ಲಕ್ಕಿಂತ ಮೊದಲು ಕೋವಿ. ‘ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್’ ಎಂಬುದರ ಮೊದಲಕ್ಷರಗಳವು. ೧೮೬೧ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕೋವಿಗಾರರು ಕೂಡಿಕೊಂಡು ಸ್ಥಾಪಿಸಿದ ಸಂಸ್ಥೆ. ೧೯೪೦ರ ನವೆಂಬರಿನಲ್ಲಿ ಜರ್ಮನರ ವಿಮಾನಗಳು ಸ್ಮಾಲ್ ಹೀತ್ ಎಂಬಲ್ಲಿದ್ದ ಅದರ ಕಾರ್ಖಾನೆಯ ಮೇಲೆ ಬಾಂಬು ಹಾಕಿದಾಗ ರಾತ್ರಿಪಾಳಿಯಲ್ಲಿದ್ದ ೫೩ ಮಂದಿ ಕೆಲಸಗಾರರು ಮಡಿದರು. ಯುದ್ಧವು ಮುಗಿದ ಮೇಲೆ ಸೇನೆಯ ಬೇಡಿಕೆ ಇಳಿಯಿತು. ಆಗ ಈ ಸಂಸ್ಥೆಯವರು ಸಾಮಾನ್ಯ ಗೃಹಸ್ಥರ ಕೈಗೆಟುಕುವಂತೆ ‘ಸ್ಪೋರ್ಟ್ಸ್‌ಮನ್’ ಎಂಬ ಸಣ್ಣ ರೈಫಲುಗಳನ್ನು ಮಾಡತೊಡಗಿದರು. ಒಂದೊಂದೇ ತೋಟಾ ಹಾಕುವುದೊಂದು ಬಗೆ, ಐದು ಹಿಡಿಯುವ ಕಳಚು ಪೆಟ್ಟಿಗೆಯುಳ್ಳದ್ದು ‘ಫೈವ್’, ಹತ್ತರದು ‘ಟೆನ್’, ನಳಿಗೆಯ ಕೆಳಗೆ ಕೊಳವೆಯಲ್ಲಿ ಹದಿನೈದನ್ನು ತುಂಬುವುದು ‘ಫಿಫ್ಟೀನ್’. ನಮ್ಮದು ಪಂಚಕ. ಆ ಮಹಾಸಂಸ್ಥೆಯು ೧೯೭೩ರಲ್ಲಿ ಮುರಿದುಬಿದ್ದಿತು.

ಆದರೂ ಶಿಷ್ಯನಿಗೆ ಮೌಸರಿನ ಆಸೆ ಬಿಡಲೊಲ್ಲದು. ಒಳಗಿನ ಯಂತ್ರವಾದರೂ ಜರ್ಮನಿಯದಾಗಿರಬಾರದೇ ಎಂದನು. ಬೋಲ್ಟಿನ ಕೋವಿಗಳನ್ನೆಲ್ಲ ಮೌಸರೆಂದು ಕರೆಯುವುದು ರೂಢಿ. ಮೌಸರನ ೧೮೭೧ರ ಹಾಗೂ ೧೮೯೮ರ ಸೇನಾ ರೈಫಲುಗಳ ಕೀರ್ತಿಯು ಅಷ್ಟು ದೊಡ್ಡದು. ಆದುದರಿಂದ ಮಾರಿದವರು ಮೋಸಕ್ಕಾಗಿಯೇ ಹಾಗೆ ಹೇಳಿದರೆನ್ನಲಾರೆವು, ಬೆಲೆಯಲ್ಲಿ ಮಾತ್ರ ಆ ಕೀರ್ತಿಯನ್ನು ಮರೆಯದೆ ಸೇರಿಸಿದ್ದರು. ಇಂತಹ ವಿವಾದದಲ್ಲಿ ತೀರ್ಪು ಕೊಡಬೇಕಾದುದು ಪರೀಕ್ಷಾಮುದ್ರೆಗಳು. ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರಲ್ಲಿ ಶಾಸನಬದ್ಧವಾಗಿ ಏರ್ಪಟ್ಟ ಒಂದು ಪರೀಕ್ಷಾಗೃಹವುಂಟು. ಮಾರಾಟಕ್ಕೆ ಮೊದಲು ಪ್ರತಿಯೊಂದು ನಳಿಗೆಯಲ್ಲಿಯೂ ವಾಡಿಕೆಗಿಂತ ಹೆಚ್ಚು ಬಲದ ಮದ್ದನ್ನು ಹಾರಿಸಿ ನೋಡುವರು. ತಾಳಿಕೊಂಡರೆ ಮುದ್ರೆ; ಇಲ್ಲವಾದರೆ ಇಲ್ಲ. ಶಾಸನದ ತಲೆಯ ಮೇಲೆ ‘ಶ್ರೀ’ ಇರುವಂತೆ ಈ ಮುದ್ರೆಗಳ ಮೇಲೆ ಒಂದು ಕಿರೀಟವಿರುವುದು. ೧೯೦೪ರಿಂದ ೧೯೫೪ರವರೆಗೆ ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಅಕ್ಷರಗಳು ಬೇರೆ ಬೇರೆಯಾಗಿ ಇರುತ್ತಿದ್ದುವು. ಆ ಬಳಿಕ ಬಿ.ಎನ್.ಪಿ. ಎಂಬ ಒಂದೇ ಮುದ್ರೆ ಬಂದಿತು. ನಮ್ಮ ಭೂತಗನ್ನಡಿಯ ಕೆಳಗೆ ನಳಿಗೆಯ ಬುಡದಲ್ಲಿ ಮೊದಲಿನ ಮೂರೂ ಕಾಣಿಸಿದುವು. ಎಂದಮೇಲೆ ೧೯೫೪ಕ್ಕಿಂತ ಈಚಿನದಲ್ಲ. ಜರ್ಮನಿಯದಾಗಿದ್ದರೆ ಮೌಸರಿನ ಹೆಸರಿನ ಲಾಂಛನವಿರಬೇಕು, ಅಲ್ಲಿನ ಪರೀಕ್ಷೆಯ ಯು ಅಥವಾ ಎನ್ ಅಕ್ಷರವಿರಬೇಕು. ಅದಲ್ಲದೆ ೧೯೨೫ರಿಂದ ೧೯೫೫ರವರೆಗೆ ಬ್ರಿಟನ್ನಿನಲ್ಲಿ ಪರೀಕ್ಷೆಗೊಳಗಾದ ಪರದೇಶದ ಕೋವಿಗಳ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದು, ಇದು ಇಂಗ್ಲೆಂಡಿನದಲ್ಲವೆಂದು, ನಿಷ್ಠುರವಾಗಿ ಒತ್ತುತ್ತಿದ್ದರು. ಇವಾವುವೂ ಇಲ್ಲಿರಲಿಲ್ಲ.

ಕೋವಿ ರಿಪೇರಿಯವರ ಬಳಿ ಮರುದಿನ ಮರದ ಹಿಡಿಯನ್ನು ಬಿಚ್ಚಿಸಿದಾಗ ಇನ್ನೊಂದು ಗುರುತು ಸಿಕ್ಕಿತು. ಕೊಡಲಿಯ ತಲೆಯುಳ್ಳ ಎರಡು ಈಟಿಗಳನ್ನು ಕತ್ತರಿಯಂತೆ ಇರಿಸಿ, ಎಡಗಡೆ ಸಿ, ಬಲಗಡೆ ಬಿ, ಕೆಳಗೆ ಒಂದು ಅಂಕಿ. ಬಿ ಎಂದರೆ ಬರ್ಮಿಂಗ್‌ಹ್ಯಾಮ್, ಅಂಕಿಯು ಪರೀಕ್ಷಕನದು, ಎಡದ ಅಕ್ಷರವು ವರ್ಷ. ೧೯೫೦ಕ್ಕೆ ಎ ಎಂದು ಆರಂಭಿಸಿದ್ದರಿಂದ ಸಿ ಎಂದರೆ ೧೯೫೨. ಒಂದು ಅಕ್ಷರದಿಂದ ಜಾತಕವು ತಿಳಿದಂತಾಯಿತು! ಹಲ್ಲಿಲ್ಲದ ಶಿಲಾಶಾಸನದಲ್ಲಿ ಶಕವರ್ಷವನ್ನು ಓದಿದವರಿಗೆ ಆಗುವ ಸಂತೋಷವು ಆ ದಿನ ನಮಗಾಯಿತೆಂದು ನಾಚದೆ ಹೇಳುವೆವು.

ಉಳಿದದ್ದು ಸಂಖ್ಯೆ. ಇದನ್ನು ಓದಲು ನಮ್ಮ ವೃತ್ತಿಯ ಆಯುಧವೇ ನೆರವಾಯಿತು. ಬಿಳಿಯ ಸೀಮೆಸುಣ್ಣವನ್ನು ಅಂಕಿಗಳ ಮೇಲೆ ಸವರಿ, ಬೆರಳಿನಿಂದ ಮೆಲ್ಲಗೆ ಒರಸಿದರೆ, ತಗ್ಗಿನಲ್ಲಿ ಮಾತ್ರ ಬಿಳುಪು ಉಳಿಯುವುದು. ಹಾಗೆ ಓದಿ ಕಾಗದದೊಂದಿಗೆ ಹೋಲಿಸಿದೆವು. ಕಾಗದದಲ್ಲಿ ಕಡೆಯ ಅಂಕಿ ೩. ಕೋವಿಯ ಮೇಲೆ ೮. ಮೂರು ಸಲ ನೋಡಿದೆವು. ೮ರ ಎಡಬದಿಯು ಸವೆದುಹೋಗಿದ್ದುದರಿಂದ ಯಾವ ಕಾಲದಲ್ಲಿಯೋ ಯಾರೋ ಗುಮಾಸ್ತರು ಅದನ್ನು ೩ ಎಂದು ಬರೆದುಕೊಂಡಿದ್ದರು. ಅದೇ ತಪ್ಪು ಕಾಗದದಿಂದ ಕಾಗದಕ್ಕೆ ಇಳಿದು ಬಂದಿದ್ದಿತು. ಶಿಷ್ಯನ ಮುಖ ಬಿಳಿಚಿತು. ತಯಾರಕನ ಹೆಸರಾಗಲಿ ಸಂಖ್ಯೆಯಾಗಲಿ ಬೇರೆ ಗುರುತಾಗಲಿ ಇಲ್ಲದ ಕೋವಿಯನ್ನು ಇಟ್ಟುಕೊಳ್ಳುವುದನ್ನೂ, ಇದ್ದುದನ್ನು ಅಳಿಸುವುದನ್ನೂ ಕಾಯಿದೆಯ ೮ನೆಯ ಕಲಮು ನಿಷೇಧಿಸಿರುವುದು. ಕೊಡವರ ವಿನಾಯಿತಿಯು ಲೈಸೆನ್ಸಿಗೆ ಸಂಬಂಧಿಸಿದುದೇ ಹೊರತು ಇದಕ್ಕಲ್ಲ. ಆ ಎಮರಿ ಕಾಗದವು ಎರಡು ಬಾರಿ ಆಡಿದ್ದರೆ ಉಳಿದಿದ್ದ ಅರ್ಧ ೮ ಸಹ ಹೋಗಿ, ಅವನಲ್ಲಿರುವ ಕೋವಿಯೇ ಬೇರೆ, ಕಾಗದದಲ್ಲಿರುವ ಕೋವಿಯೇ ಬೇರೆ ಎಂದಾಗುತ್ತಿದ್ದಿತು.

ಎಮರಿ ಕಾಗದದ ವಿಷಯವನ್ನು ಹೇಳುವೆವೆಂದು ಮಾತು ಕೊಟ್ಟಿದ್ದೆವು. ನಮ್ಮ ಹುಟ್ಟೂರು ಮಲೆನಾಡು. ನಮ್ಮ ತಂದೆಯವರಿಗೆ ಅಡಿಕೆ ತೋಟವಿದ್ದಿತು. ಕೋತಿಗಳನ್ನು ಬೆದರಿಸಲು ಲೈಸೆನ್ಸಿನ ಮೇಲೆ ಇಂತಹುದೇ ಒಂದು ಸಣ್ಣ ರೈಫಲನ್ನು ಇಟ್ಟುಕೊಂಡಿದ್ದರು. ೧೯೭೯ರ ಆಯುಧಪೂಜೆಯ ಹಿಂದಿನ ದಿನ, ಅವರು ಪೇಟೆಗೆ ಹೋಗಿದ್ದಾಗ, ಮನೆಯ ಕತ್ತಿ ಕುಡುಗೋಲುಗಳನ್ನೆಲ್ಲ ಇಟ್ಟಿಗೆಪುಡಿಯಿಂದ ಥಳಥಳಿಸುವಂತೆ ಬೆಳಗಿದ ಹದಿನಾಲ್ಕು ವರ್ಷದ ನಾವು, ತುಕ್ಕು ಹಿಡಿದಿದ್ದ ಕೋವಿಯನ್ನೂ ಬಿಡಲಿಲ್ಲ. ಅದಕ್ಕೆ ಇಟ್ಟಿಗೆಪುಡಿ ಸಾಲದೆ ಶಾಲೆಯ ಮರಗೆಲಸದ ಕೊಠಡಿಯಿಂದ ಎಮರಿ ಕಾಗದವನ್ನು ತಂದೆವು. ಸಂಜೆಗೆ ಅದು ಬೆಳ್ಳಿಯಂತೆ ಹೊಳೆಯುತ್ತಿದ್ದಿತು. ತಂದೆಯವರು ಬಂದು ನೋಡಿದರು, ಬೈಯಲಿಲ್ಲ. ಕೋವಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿ, “ನಂಬರು ಎಲ್ಲಿ ಮಗೂ?” ಎಂದರು. ಐದು ಅಂಕಿಗಳಲ್ಲಿ ಎರಡು ಉಳಿದಿದ್ದುವು. ಮರುವರ್ಷ ಲೈಸೆನ್ಸನ್ನು ಹೊಸದಾಗಿಸುವಾಗ ಅಧಿಕಾರಿಗಳು ಕೋವಿಯನ್ನು ತರಿಸಿ ನೋಡಿದರು, ಠೇವಣಿಯಲ್ಲಿ ಇಡುವಂತೆ ಹೇಳಿದರು. ಅವರು ಮಾಡಿದುದು ನ್ಯಾಯವೇ. ತಂದೆಯವರು ಆರು ವರ್ಷ ಅರ್ಜಿಗಳನ್ನು ಬರೆದರು. ಕೋವಿ ಮನೆಗೆ ಬರಲಿಲ್ಲ. ಏಳನೆಯ ವರ್ಷ ಅವರೇ ಇರಲಿಲ್ಲ. ಆ ಕೋವಿಯನ್ನು ಯಾರು ಮಾಡಿದರು, ಯಾವ ದೇಶದ್ದು ಎಂಬುದು ಸಹ ಇಂದು ತಿಳಿಯುವಂತಿಲ್ಲ. ತಿಳಿಸಬಹುದಾಗಿದ್ದ ಗುರುತುಗಳನ್ನು ಉಜ್ಜಿದವರು ನಾವೇ.

ಶಿಷ್ಯನ ಕಥೆಗೆ ಬರೋಣ. ಅಂಕಿಯ ತಿದ್ದುಪಡಿಗಾಗಿ ಅವನು ಭಾವಚಿತ್ರಸಹಿತವಾಗಿ ಅರ್ಜಿಯನ್ನು ಹಾಕಿದನು. ಅಷ್ಟರಲ್ಲಿ ಕೋವಿಯ ಆರೋಗ್ಯಪರೀಕ್ಷೆ ನಡೆಯಿತು. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಹಿಂದಿನ ತುದಿಯಲ್ಲಿ ಬಿಳಿಯ ಕಾಗದವನ್ನು ಹಿಡಿದು, ಮುಂದಿನಿಂದ ನೋಡಿದರೆ ನಳಿಗೆಯೊಳಗಿನ ಸುತ್ತುಗೆರೆಗಳು ಕಾಣುವುವು. ೧೬ ಅಂಗುಲಕ್ಕೆ ಒಂದು ಸುತ್ತು ಬರುವಂತೆ ಇವನ್ನು ಕೊರೆಯುವುದು ಈ ಬಗೆಯ ರೈಫಲುಗಳಲ್ಲಿ ವಾಡಿಕೆ. ಒಳಗೆ ಕಪ್ಪು ಉಂಗುರದಂತಹ ನೆರಳು ಕಂಡರೆ ನಳಿಗೆಯು ಅಲ್ಲಿ ಉಬ್ಬಿದೆಯೆಂದು ತಿಳಿಯತಕ್ಕದ್ದು. ಇದರಲ್ಲಿ ಹಾಗಿರಲಿಲ್ಲ, ಬಾಯಿಯ ಬಳಿ ಸ್ವಲ್ಪ ತುಕ್ಕಿನ ಚುಕ್ಕೆಗಳಿದ್ದುವು. ೧೯೩೦ಕ್ಕಿಂತ ಹಿಂದಿನ ಕೋವಿಗಳಲ್ಲಿ ಇಂತಹ ಚುಕ್ಕೆಗಳಿಗೆ ಆಗಿನ ಕಿಡಿಮದ್ದೇ ಬಹುಮಟ್ಟಿಗೆ ಕಾರಣ: ಅದು ಉರಿದ ಮೇಲೆ ಉಳಿಯುತ್ತಿದ್ದ ಲವಣವು, ಮಳೆಗಾಲದ ಉಪ್ಪಿನ ಮಡಕೆಯಂತೆ, ಗಾಳಿಯ ತೇವವನ್ನೆಲ್ಲ ಹೀರಿ ಉಕ್ಕನ್ನು ತಿನ್ನುತ್ತಿದ್ದಿತು. ಇದು ೧೯೫೨ರದು, ಇದನ್ನು ತಿಂದದ್ದು ಕೊಡಗಿನ ಮಳೆಯೂ ಚರ್ಮದ ಚೀಲವೂ. ಚೀಲದೊಳಗಿದ್ದರೆ ಕ್ಷೇಮವೆಂದು ಜನರು ಭಾವಿಸುವರು. ಚರ್ಮವೂ ಬಟ್ಟೆಯೂ ತೇವವನ್ನು ಹಿಡಿದಿಟ್ಟುಕೊಳ್ಳುವುವು. ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವ ಬೀರುವಿನಲ್ಲಿ ಬೀಗ ಹಾಕಿ ನಿಲ್ಲಿಸುವುದೇ ಲೇಸು. ತೋಟಾಗಳಿಗೆ ಬೇರೆ ಬೀಗ, ಬೇರೆ ಕೋಣೆ. ಮಕ್ಕಳಿರುವ ಮನೆಗಳಲ್ಲಿ ಬೀಗದ ಕೈಯು ಗೋಡೆಯ ಮೊಳೆಯ ಮೇಲಲ್ಲ, ಯಜಮಾನನ ಉಡಿಯಲ್ಲಿರಬೇಕು.

ನಳಿಗೆಯನ್ನು ಶುಚಿಮಾಡುವ ಕೋಲನ್ನು ಹಿಂದಿನಿಂದಲೇ ತೂರಿಸಬೇಕು; ಮುಂದಿನಿಂದ ತೂರಿಸಿದರೆ ಬಾಯಿಯ ಅಂಚು ಸವೆದು ಗುರಿ ಕೆಡುವುದು. ತೋಟಾ ಇಲ್ಲದೆ ಟ್ರಿಗರನ್ನು ಆಡಿಸಿ ‘ಟಿಕ್’ ಎನ್ನಿಸುವ ಚಟವೂ ಹಳೆಯ ರೈಫಲಿಗೆ ಶತ್ರು. ಅಂಚನ್ನು ಗುದ್ದಬೇಕಾದ ಸೂಜಿಯು ಅಂಚಿಲ್ಲದಿರಲು ಗೂಡಿನ ಬಾಯನ್ನೇ ಗುದ್ದಿ ಹಳ್ಳ ಮಾಡುವುದು.

ಹಿಡಿಯ ಕೊರಳಿನಲ್ಲಿ ಒಂದು ಹಳೆಯ ಬಿರುಕು. ಅದರ ಮೇಲೆ ಯಾರೋ ಅಕ್ಕಸಾಲಿಗರು ಹಿತ್ತಾಳೆಯ ತಗಡನ್ನು ಅಂದವಾಗಿ ಸುತ್ತಿ, ಆರು ಪುಟ್ಟ ಮೊಳೆಗಳಿಂದ ಬಿಗಿದಿದ್ದರು. “ಇದನ್ನಾದರೂ ತೆಗೆದು ಹೊಸ ಮರ ಹಾಕಿಸಲೇ?” ಎಂದು ಶಿಷ್ಯನು ಕೇಳಿದನು. ಈ ಸಣ್ಣ ತೋಟಾಕ್ಕೆ ಹೆಗಲನ್ನು ಒದೆಯುವ ಬಲವಿಲ್ಲ. ಆದುದರಿಂದ ಬಿರುಕು ಬಂದುದು ಹಾರಿಸಿದ್ದರಿಂದಲ್ಲ, ಬಿದ್ದದ್ದರಿಂದ. ಬಿದ್ದ ಕೋವಿಯ ನಳಿಗೆಯೂ ಮುಂದಿನ ಗುರಿಕಡ್ಡಿಯೂ ನೆಟ್ಟಗಿವೆಯೇ ಎಂದು ನೋಡಬೇಕಾಯಿತು, ನೆಟ್ಟಗಿದ್ದುವು. ತಗಡು ಬಿಗಿಯಾಗಿದ್ದಿತು. ಹೊತ್ತು ನಡೆಯುವಾಗ ಕೈ ಹಿಡಿಯುವ ಜಾಗದಲ್ಲಿ ಉಕ್ಕಿನ ನೀಲಿಗಪ್ಪು ಮಾಸಿ ಬೂದುಬಣ್ಣವಾಗಿದ್ದಿತು. ಕೆನ್ನೆ ತಾಗುವ ಮರವು
ಅಡಿಗೆಮನೆಯ ಮಣೆಯಂತೆ ನುಣುಪಾಗಿದ್ದಿತು. ಬೋಲ್ಟು ಮಾತ್ರ, ಎಪ್ಪತ್ತು ವರ್ಷಗಳಾದ ಮೇಲೂ, ಎರಡು ಬೆರಳಿನಿಂದ ತಳ್ಳಿದರೆ ತುಪ್ಪದಲ್ಲಿ ಜಾರಿದಂತೆ ಜಾರುತ್ತಿದ್ದಿತು. ಇದು ರಾಜರಿಗಾಗಿ ಮಾಡಿದ ಕೋವಿಯಲ್ಲ. ಚಿನ್ನದ ಕೆತ್ತನೆಯಿಲ್ಲ, ಮೌಸರೆಂಬ ಬಿರುದಿಲ್ಲ. ಸಾಮಾನ್ಯನಿಗೆಂದು ಮಾಡಿದುದನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದರು. ಶಿಷ್ಯನ ಕೈಗೆ ಬೋಲ್ಟನ್ನು ಕೊಟ್ಟು ನಾಲ್ಕು ಸಲ ಆಡಿಸುವಂತೆ ಹೇಳಿದೆವು. ಐದನೆಯ ಸಲ ಅವನು ತಾನಾಗಿಯೇ ಆಡಿಸಿದನು. ಆಮೇಲೆ ಹೊಸ ಮರದ ಮಾತೆತ್ತಲಿಲ್ಲ.

ತಿದ್ದುಪಡಿಯ ಕಾಗದವು ಕೈಲ್ ಪೊಳ್ದಿಗೆ ನಾಲ್ಕು ದಿನ ಮೊದಲು ಕೈಸೇರಿತು. ಹಬ್ಬದ ದಿನ ಅವರ ಮನೆಗೆ ಹೋಗಿದ್ದೆವು. ಹಿರಿಯರ ಕಾಲದ ಜೋಡಿನಳಿಗೆಯ ಪಕ್ಕದಲ್ಲಿ ನಮ್ಮ ಪಂಚಕವೂ, ಮಾಸಿದ ಬಣ್ಣದಲ್ಲಿಯೇ, ಹಿತ್ತಾಳೆಯ ಪಟ್ಟಿಯೊಡನೆ, ತೋಕ್ ಪೂವನ್ನು ಮುಡಿದು ನಿಂತಿದ್ದಿತು. ಅಕ್ಟೋಬರಿನಲ್ಲಿ ರೈಫಲ್ ಸಂಘದ ಮೈದಾನದಲ್ಲಿ ೨೫ ಗಜದ ಗುರಿಗೆ ಮೊದಲ ಐದು ತೋಟಾಗಳನ್ನು ಹಾರಿಸಿದೆನೆಂದೂ, ಖಾಲಿ ಕೋಶಗಳಲ್ಲಿ ಒಂದೂ ಸೀಳಿರಲಿಲ್ಲವೆಂದೂ, ಐದೂ ರಂಧ್ರಗಳು ಒಂದು ಹಳೆಯ ಬೆಳ್ಳಿ ರೂಪಾಯಿಯ ಅಗಲದಲ್ಲಿ ಬಿದ್ದಿದ್ದುವೆಂದೂ ಅವನು ದೂರವಾಣಿಯಲ್ಲಿ ತಿಳಿಸಿದನು. ಎಮರಿ ಕಾಗದದ ಸುರುಳಿಯನ್ನು ಅವನು ಹಿಂದಕ್ಕೆ ಕೇಳಲಿಲ್ಲ. ನಮ್ಮ ಮನೆಯವರು ಅದರಿಂದ ತುರೆಮಣೆಯ ತುಕ್ಕನ್ನು ತೆಗೆದರು.